ದೇವಕ್ಕನ ಖೋಲಿಯ ಕೂಸು

೧೯೭೨ರ ಫೆಬ್ರುವರಿ ತಿಂಗಳು, ಸೋಮವಾರ, ಸಂಜೆ ಏಳು ಗಂಟೆ. ಪರೇಲ್ ಭಾಗದ ಠಾಣೆಗೆ ಸುಂದ್ರವ್ವ ಎಂಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಅವಳ ವಿಜಾಪುರದ ಕನ್ನಡ ಡ್ಯೂಟಿಯಲ್ಲಿದ್ದ ಮರಾಠಿ ಪೊಲೀಸರಿಗೆ ಅರ್ಥವಾಗದೆ, ಒಳಗಿದ್ದ ಇನ್ಸ್‌ಪೆಕ್ಟರ್ ಗುರಲಿಂಗಪ್ಪನನ್ನು ಕರೆದರು. ಅಕ್ಕಲಕೋಟೆಯವನಾದ ಗುರಲಿಂಗಪ್ಪನಿಗೆ ಅಲ್ಲಿ ಅರ್ಧ ಕೆಲಸ ಕಳ್ಳರನ್ನು ಹಿಡಿಯುವುದು, ಇನ್ನರ್ಧ ಊರ ಕಡೆಯವರ ಮಾತನ್ನು ತರ್ಜುಮೆ ಮಾಡುವುದು.

"ಏನ್ ಕಳಕೊಂಡಿಯವ್ವಾ?"

"ನನ್ನ ಕೂಸರೀ ಸಾಹೇಬ್ರ. ಏಳ ತಿಂಗಳದ ಹೆಣ್ಮಗಳು."

ಸುಂದ್ರವ್ವನ ಗಂಡ ತೀರಿಕೊಂಡಿದ್ದ. ಅವಳು ದಿನಾ ಲೋಕಲ್ ಹತ್ತಿ ಮಲಾಡ್‌ಗೆ ಹೋಗಿ, ಕಟ್ಟುತ್ತಿದ್ದ ಬಿಲ್ಡಿಂಗೊಂದರಲ್ಲಿ ಸಿಮೆಂಟ್ ಹೊರುತ್ತಿದ್ದಳು. ಕೂಸನ್ನು ಕಟ್ಟಿಕೊಂಡು ಬರಬೇಡ ಎಂದು ಕೂಲಿಯವರನ್ನು ನೋಡಿಕೊಳ್ಳುವ ಅಲ್ಲಿಯ ಮುಕಾದಮ ಹೇಳಿದ್ದರಿಂದ, ಅದನ್ನು ತನ್ನ ಚಾಳಿನಲ್ಲೇ ಇದ್ದ ದೇವಕ್ಕನ ಖೋಲಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಇವತ್ತು ಸಂಜೆ ಬಂದು ನೋಡಿದರೆ ಕೂಸಿಲ್ಲ. ಗುರಲಿಂಗಪ್ಪ ಎಫ್‌ಐಆರ್ ಬರೆಸಿ, ಮಂಗಳೂರು ಕಡೆಯ ಹವಾಲ್ದಾರ ಅಣ್ಣುವನ್ನು ಕರೆದುಕೊಂಡು ಚಾಳಿಗೆ ಹೊರಟ.

ದೇವಕ್ಕ ಅರವತ್ತರ ಮುದುಕಿ. ಅವಳ ಖೋಲಿ ಎಂದರೆ ಒಂದೇ ಕೋಣೆ. ನೋಡಿಕೊಳ್ಳಲು ಕೂಲಿಗೆ ಹೋಗುವವರ ಐದು ಮಕ್ಕಳು.

"ಕೂಸನ್ನ ಕಡೇಕ ಯಾವಾಗ ನೋಡಿದಿ?"

"ಮುಂಜಾನಿ. ಸಾಲಾಗಿ ಮಲಗಿಸಿ ನಳದ ನೀರ ತರಾಕ ಹೋದ್ನಿ."

"ತಿರುಗಿ ಬಂದು ನೋಡಲಿಲ್ಲೇನು?"

"ಎಲ್ಲಾ ಮಲಗಿದ್ವಲ್ರೀ. ಎಣಸಲಿಲ್ಲ."

"ಮುಂಜಾನಿಂದ ಸಂಜಿತನಕ ಒಂದೂ ಅಳಲಿಲ್ಲ?"



ಗುರಲಿಂಗಪ್ಪನ ಮನೆಯಲ್ಲೂ ಮಕ್ಕಳಿದ್ದವು. ಅವು ಅರ್ಧ ತಾಸು ಸುಮ್ಮನಿದ್ದರೆ ಮನೆಯವರಿಗೆ ಅದೇ ಹಬ್ಬ. ಅವನು ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದ. ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಯಲ್ಲಿ ಕರಿ ಗುಳಿಗೆಗಳು ಸಿಕ್ಕವು. ಅದು ಬಾಲಗೋಳಿ, ಮಕ್ಕಳನ್ನು ಮಲಗಿಸಲು ಕೊಡುವ ಅಫೀಮಿನ ಗುಳಿಗೆ.

"ನನ್ನ ಮಕ್ಕಳನ್ನೂ ಇದನ್ನ ಕೊಟ್ಟ ಬೆಳಸೀನ್ರಿ," ಎಂದಳು ದೇವಕ್ಕ. "ಕೊಡಲಿಲ್ಲಂದ್ರ ಒಬ್ಬಾಕಿ ಐದು ಕೂಸು ಹೆಂಗ ಹಿಡೀಲಿ?"

"ಮಕ್ಕಳನ್ನ ಇಟ್ಕೊಳ್ಳಾಕ ಲೈಸೆನ್ಸ್ ಐತೇನು?"

"ಅದಕ್ಕೂ ಲೈಸೆನ್ಸ್ ಬೇಕೇನ್ರಿ? ಟಾಂಗಾಕ್ಕ ಬೇಕಂತ ಕೇಳಿದ್ನಿ."

ಬೇಕೋ ಬೇಡವೋ ಗುರಲಿಂಗಪ್ಪನಿಗೂ ಗೊತ್ತಿರಲಿಲ್ಲ. ಮರುದಿನ ಕಾಯ್ದೆ ಪುಸ್ತಕ ತಿರುವಿದ. ಅನಾಥಾಶ್ರಮಕ್ಕೆ ಲೈಸೆನ್ಸ್ ಬೇಕು. ಬಹಳ ಹೆಂಗಸರು ದುಡಿಯುವ ಮಿಲ್ಲಿನಲ್ಲಿ ಅವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಳಣಾಘರ ಇರಲೇಬೇಕು. ಅಲ್ಲಿ ಮಕ್ಕಳಿಗೆ ಸ್ನಾನ, ಒಗೆದ ಬಟ್ಟೆ, ಹಾಲು, ನೋಡಿಕೊಳ್ಳಲು ಆಯಾ. ಆದರೆ ಅದು ಆ ಮಿಲ್ಲಿನವರ ಮಕ್ಕಳಿಗೆ ಮಾತ್ರ. ದೇವಕ್ಕನಂಥವರ ಖೋಲಿಯ ಬಗ್ಗೆ ಪುಸ್ತಕ ಚಕಾರ ಎತ್ತಿರಲಿಲ್ಲ.

ಆ ಗುಳಿಗೆ ನೋಡಿ ದಾರಿ ತೋರಿಸಿದವರು ಆಸ್ಪತ್ರೆಯ ಡಾಕ್ಟರು. ದಿನಾ ಅಫೀಮು ತಿಂದ ಕೂಸಿಗೆ ಅದು ತಪ್ಪಿದರೆ ಮೂಗು ಸುರಿಯುತ್ತದೆ, ನಿದ್ದೆ ಬರುವುದಿಲ್ಲ, ಅಳು ನಿಲ್ಲುವುದಿಲ್ಲ ಎಂದರು. ಗುರಲಿಂಗಪ್ಪ ಅಣ್ಣುವಿಗೆ ಹೇಳಿದ: "ಮಕ್ಕಳನ್ನ ಇಡೋ ಎಲ್ಲಾ ಕಡೆ ವಿಚಾರಿಸು. ಹೊಸದಾಗಿ ಬಂದು ಅಳು ನಿಲ್ಲಿಸದ ಕೂಸು ಬೇಕು."

ಆಶ್ರಮ, ಮಿಲ್ಲು ಎಂದು ಸುತ್ತಿದ ಅಣ್ಣು ಬುಧವಾರ ಮಧ್ಯಾಹ್ನ ಬಂದ.

"ಒಂದು ಮಿಲ್ಲಿನಲ್ಲಿ ಉಂಟು ಸರ್. ಆಯಾ ನೀಲಾವತಿಗೆ ಸಾಕೋ ಸಾಕಾಗಿದೆ. ಅಲ್ಲೇ ಕೆಲಸ ಮಾಡುವ ಹನುಮವ್ವನ ಮಗುವಂತೆ. ಸೋಮವಾರದಿಂದ ತರ್ತಾ ಇದ್ದಾಳೆ."

ಪಾಳಣಾಘರದಲ್ಲಿ ಎಲ್ಲ ಮಕ್ಕಳಿಗೂ ಮಿಲ್ಲಿನದೇ ಬಿಳಿ ಅಂಗಿ. ಸುಂದ್ರವ್ವ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, ನೆಟ್ಟಗೆ ಹೋಗಿ ತನ್ನ ಕೂಸನ್ನು ಎತ್ತಿಕೊಂಡಳು. ಕೂಸು ಜೀವಂತ ಇತ್ತು. ಗುರಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು.

ಹನುಮವ್ವ ಓಡಲಿಲ್ಲ, ಅಳಲೂ ಇಲ್ಲ. ಠಾಣೆಗೆ ಬಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

"ಯಾಕ ಒಯ್ದಿ?"

"ನನ್ನ ಮಗಳೂ ದೇವಕ್ಕನ ಖೋಲ್ಯಾಗ ಮಲಗಿದ್ಲರೀ, ದೀಪಾವಳಿ ಹೊತ್ತಿಗೆ. ಏಳಲಿಲ್ಲ."

"ನಿಮ್ಮ ಮಿಲ್ಲಿನಾಗ ಪಾಳಣಾಘರ ಇತ್ತಲ್ಲ. ಅಲ್ಲಿ ಯಾಕ ಬಿಡಲಿಲ್ಲ?"

"ಅಲ್ಲಿ ದಿನಾ ಮೈ ತೊಳೀತಾರ, ದೃಷ್ಟಿಬೊಟ್ಟು ಹೋಗತೈತಿ. ಮಂದಿ ಕಣ್ಣು ಬೀಳತೈತಿ ಅಂತ ಅಂಜಿ, ನಮ್ಮೂರಾಕಿ ಕಡೆ ಬಿಟ್ನಿ."

ಮಗಳು ಸತ್ತದ್ದನ್ನು ಅವಳು ಮಿಲ್ಲಿನಲ್ಲಿ ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಲ್ಲ. ಸೋಮವಾರ ಮುಂಜಾನೆ ಬೇರೆ ಓಣಿಯ ತನ್ನ ಖೋಲಿಯಿಂದ ಕೆಲಸಕ್ಕೆ ಹೋಗುವಾಗ, ದೇವಕ್ಕನ ತೆರೆದ ಬಾಗಿಲಿನಿಂದ ಸುಂದ್ರವ್ವನ ಕೂಸು ಕಂಡಿತು. ತನ್ನ ಮಗಳು ಮಲಗಿದ್ದ ಹಾಗೆಯೇ ಮಲಗಿತ್ತು. ಎತ್ತಿಕೊಂಡು ಹೋಗಿ, ತನ್ನ ಮಗಳೆಂದು ಹೇಳಿ ಪಾಳಣಾಘರದಲ್ಲಿ ಮಲಗಿಸಿದಳು.

"ಸುಂದ್ರವ್ವಗ ಹೇಳಬಾರದಿತ್ತೇನು?"

"ಅಲ್ಲಿ ಬಿಡಬ್ಯಾಡ ಅಂತ ಹೋದ ತಿಂಗಳ ಹೇಳಿದ್ನಿ. ಬ್ಯಾರೆ ಎಲ್ಲಿ ಬಿಡ್ಲಿ ಅಂದ್ಲು."

ಕೂಸನ್ನು ಅಪಹರಿಸಿದ್ದಕ್ಕೆ ಹನುಮವ್ವನನ್ನೂ, ಅಫೀಮು ಕೊಟ್ಟದ್ದಕ್ಕೆ ದೇವಕ್ಕನನ್ನೂ ದಸ್ತಗಿರಿ ಮಾಡಲಾಯಿತು. ಎಲ್ಲವೂ ಕಾಯ್ದೆ ಪ್ರಕಾರವೇ ನಡೆದಿತ್ತು.

ಗುರುವಾರ ಬೆಳಿಗ್ಗೆ ಸುಂದ್ರವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಠಾಣೆಗೆ ಬಂದಳು.

"ಇನ್ನೇನವ್ವಾ?"

"ಕೆಲಸಕ್ಕ ಹೋಗಬೇಕ್ರಿ. ಇವತ್ತೂ ತಪ್ಪಿಸಿದ್ರ ಬರಬ್ಯಾಡ ಅಂದಾರ. ಕೂಸನ್ನ ಮಿಲ್ಲಿನಾಗ ಇಟ್ಕೊಳ್ಳೂದಿಲ್ಲಂದ್ರು. ಆಶ್ರಮದಾಗ, ತಾಯಿ ಇದ್ದದ್ದು ಬ್ಯಾಡಂದ್ರು. ದೇವಕ್ಕನ ಖೋಲಿಗೆ ನೀವ ಕೀಲಿ ಹಾಕೀರಿ."



ಅವಳು ಲಾಕಪ್ಪಿನ ಕಡೆ ನೋಡಿದಳು.

"ಹನುಮವ್ವನ್ನ ಬಿಡ್ರಿ ಸಾಹೇಬ್ರ. ಆಕಿ ಕೈಯಾಗ ಕೊಟ್ಟು ಹೋಗ್ತೀನಿ."