ಹನ್ನೊಂದು ಜನ ಸೂಪರ್ ಅಂದರು

"ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಬೆಲೆನಾ?" ಬಸ್ ಡ್ರೈವರ್ ಬೆಲೆ ಚೀಟಿಯನ್ನು ಬೆರಳಿನಿಂದ ತಟ್ಟಿದರು. "ಸಾಲಾಗಿ ನಾಲ್ಕು ಒಂಬತ್ತು ಬರ್ದಿದ್ದೀರಿ. ಹತ್ತು ಸಾವಿರ ಅಂತ ನೇರವಾಗಿ ಹೇಳೋಕೆ ಏನು ನಾಚಿಕೆ?"

"ಒಂದು ಕಮ್ಮಿ ಇದೆಯಲ್ಲ ಅಣ್ಣ," ಎಂದಳು ಅಮ್ಮ ನಗುತ್ತಾ.

"ಆ ಒಂದನ್ನ ನೀವೇ ಇಟ್ಕೊಳ್ಳಿ."

ಡ್ರೈವರ್ ಪುಟ್ಟ ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡು, ಅದಕ್ಕೆ ಕಟ್ಟಿದ್ದ ವೈರು ಎಟಕುವಷ್ಟು ದೂರ ಬಾಗಿಲ ಕಡೆ ಹೋದರು. ಬಿಸಿಲಿಗೆ ಹಿಡಿದು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು. "ಬಿಸಿಲಲ್ಲಿ ಏನೂ ಕಾಣಲ್ಲ. ನನ್ನ ಮುಖ ಮಾತ್ರ ಕಾಣುತ್ತೆ. ನನ್ನ ಮುಖ ನೋಡೋಕೆ ಮನೇಲಿ ಕನ್ನಡಿ ಇದೆ." ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅವರು ತಮ್ಮ ಬಸ್ಸಿನ ಕಡೆ ನಡೆದರು.

ಅಮ್ಮ ಒಂದು ಹಳೆಯ ಬಿಲ್ಲನ್ನು ಮಗುಚಿ, ಅದರ ಹಿಂದೆ ಅವರ ಮಾತನ್ನೆಲ್ಲ ಬರೆದುಕೊಂಡಳು. ಕನ್ನಡಿಯ ಮಾತನ್ನೂ ಬಿಡಲಿಲ್ಲ.

ಮೇಜಿನ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಪಿಟೀಲಿನ ಮುಖ ಸಣ್ಣದಾಯಿತು. ಪಿಟೀಲು ಅಮ್ಮನ ಒಬ್ಬಳೇ ಮಗಳು, ಐದನೇ ಕ್ಲಾಸು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಉದ್ದನೆಯ ಹೆಸರಿದೆ. ಆದರೆ ಒಂದೇ ಪ್ರಶ್ನೆಯನ್ನು ಉತ್ತರ ಸಿಗುವ ತನಕ ಕುಯ್ಯುತ್ತಲೇ ಇರುವ ಹುಡುಗಿಯನ್ನು ಬೇರೆ ಏನೆಂದು ಕರೆಯುವುದು? ಮನೆಯಲ್ಲೂ ಪಿಟೀಲು, ಅಂಗಡಿಯಲ್ಲೂ ಪಿಟೀಲು.

"ಅಮ್ಮಾ, ಬೈದಿದ್ದನ್ನೂ ಬರೀಬೇಕಾ?"

"ಹೂಂ."

"ಯಾಕೆ?"

"ಬೆಲೆ ಬಗ್ಗೆ, ಫೀಚರ್ ಬಗ್ಗೆ ಜನ ಏನಂತಾರೋ ಹಾಗೇ ಬರೀರಿ ಅಂತ ಕಂಪನಿಯವರು ಹೇಳಿದ್ದಾರೆ."

"ಬೈದಿದ್ದನ್ನ ಬಿಟ್ರೆ ಏನಾಗುತ್ತೆ?"

"ಪಿಟೀಲು, ಲೆಕ್ಕ ಮಾಡು."

ಲೆಕ್ಕ ಮುಂದೆ ಹೋಗಲಿಲ್ಲ. ಫ್ಯಾನು, ಮಿಕ್ಸಿ, ಫೋನು ಮಾರುವ ಆ ಅಂಗಡಿಯಲ್ಲಿ ಬಾಗಿಲ ಪಕ್ಕದ ಈ ಮೇಜು ಹೊಸದು. ಕಂಪನಿಯವರು ಪುಟ್ಟ ಟ್ಯಾಬ್ಲೆಟ್‌ಗಳನ್ನು ತಂದಿಟ್ಟು, ಅವನ್ನು ತೋರಿಸಿ ಮಾರಲು ಅಮ್ಮನನ್ನು ಕೂರಿಸಿದ್ದರು. ಮೊದಲು ಹದಿನೈದು ದಿನ ನೋಡುತ್ತಾರಂತೆ. ಸರಿ ಅನ್ನಿಸಿದರೆ ಮೇಜೂ ಇರುತ್ತದೆ, ಅಮ್ಮನೂ ಇರುತ್ತಾಳೆ. ಇಲ್ಲದಿದ್ದರೆ ಅಮ್ಮ ವಾಪಸ್ ಪ್ಯಾಕಿಂಗ್ ಶೆಡ್ಡಿಗೆ.

ಪ್ಯಾಕಿಂಗ್ ಶೆಡ್ಡಿನ ಕೆಲಸ ಮಧ್ಯಾಹ್ನ ಶುರುವಾಗುತ್ತಿತ್ತು. ಪಿಟೀಲು ಶಾಲೆಯಿಂದ ಬರುವಾಗ ಅಮ್ಮ ಇರುತ್ತಿರಲಿಲ್ಲ. ಅಮ್ಮ ಬರುವಾಗ ಪಿಟೀಲು ನಿದ್ದೆ ಮಾಡಿರುತ್ತಿದ್ದಳು. ಅಪ್ಪ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು ಅನ್ನಿ, ಜಡೆ ಹಾಕುವುದೊಂದು ಬಿಟ್ಟು. ಆದರೆ ಈಗ ನಾಲ್ಕು ಗಂಟೆಗೆ ಶಾಲೆ ಬಿಟ್ಟರೆ ಸೀದಾ ಅಂಗಡಿ. ಪಕ್ಕದಲ್ಲಿ ಅಮ್ಮ. ಲೆಕ್ಕ ಮಾಡುವಾಗ ಅಮ್ಮನ ಮೊಣಕೈ ತನ್ನ ಮೊಣಕೈಗೆ ತಾಗುತ್ತದೆ. ಇದು ತನಗೆಷ್ಟು ಇಷ್ಟ ಎಂದು ಪಿಟೀಲು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು ಅವಳಿಗೆ ಭಯ.

ಹಾಗಾಗಿ ಗಿರಾಕಿಗಳು ಗೊಣಗಿದಾಗಲೆಲ್ಲ ಅವಳು ಲೆಕ್ಕ ಬಿಟ್ಟು ಕಿವಿಗೊಡುತ್ತಿದ್ದಳು. ಗೊಣಗುವವರಿಗೇನೂ ಕಮ್ಮಿ ಇರಲಿಲ್ಲ.

ರಿಟೈರ್ ಆದ ಮೇಷ್ಟ್ರು ಬಂದು ಹೇಳಿದರು, "ಕೈಗೆ ಹಗುರ. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತೆ. ಎಲ್ಲಾ ಸರಿ. ಆದ್ರೆ ಕಪ್ಪು ಅಂಚಿನ ಮೇಲೆ ಕಪ್ಪು ಗುಂಡಿ ಇಟ್ಟಿದ್ದಾರಲ್ಲಮ್ಮ, ಅದನ್ನ ಹುಡುಕೋಕೆ ನನಗೆ ಇನ್ನೊಂದು ಕನ್ನಡಕ ಬೇಕು."

ಅವಳಿ ಮಕ್ಕಳ ಅಮ್ಮ ಬಂದರು. ಒಂದು ಮಗು ಟ್ಯಾಬ್ಲೆಟ್ಟನ್ನು ಈ ಕಡೆ ಎಳೆಯುತ್ತಿತ್ತು, ಇನ್ನೊಂದು ಆ ಕಡೆ. "ಡಬ್ಬದಲ್ಲಿ ಚಾರ್ಜರ್ ಇಲ್ವಾ? ಕವರ್‌ಗೂ ಬೇರೆ ದುಡ್ಡಾ? ಇದೊಳ್ಳೆ ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದು ಅವರು ಎರಡೂ ಮಕ್ಕಳನ್ನು ಎಳೆದುಕೊಂಡು ಹೋದರು.

ಒಬ್ಬ ಕಾಲೇಜು ಹುಡುಗ ಬಂದಾಗಲಂತೂ ಅಮ್ಮನೇ ಕೈಯಾರೆ ಕೆಡಿಸಿದಳು.

"ಆಂಟಿ, ಇದರಲ್ಲಿ ಗೇಮ್ ಸ್ಪೀಡಾಗಿ ಓಡುತ್ತಾ?"

"ಇಲ್ಲಪ್ಪ. ಓದೋಕೆ, ಪಾಠದ ವಿಡಿಯೋ ನೋಡೋಕೆ ಚೆನ್ನಾಗಿದೆ. ಗೇಮ್ ಹಾಕಿದ್ರೆ ತೆವಳುತ್ತೆ."

ಹುಡುಗ ಥ್ಯಾಂಕ್ಸ್ ಹೇಳಿ ಹೊರಟುಹೋದ. ಪಿಟೀಲು ಹಣೆ ಚಚ್ಚಿಕೊಂಡಳು. "ಓಡುತ್ತೆ ಅನ್ನಬಾರದಿತ್ತಾ?"

"ಓಡಲ್ವಲ್ಲ," ಎಂದಳು ಅಮ್ಮ.

ಹದಿನೈದು ದಿನದಲ್ಲಿ ಸುಮ್ಮನೆ ಮುಟ್ಟಿ ನೋಡಿ ಹೋದವರು ಬಹಳ. ನಿಂತು ಮಾತಾಡಿದವರು ಹನ್ನೊಂದು ಜನ. ಕೊಂಡವರು ಇಬ್ಬರೇ, ಒಬ್ಬರು ಆಸ್ಪತ್ರೆಯ ನರ್ಸು, ಇನ್ನೊಬ್ಬರು ಬೇಕರಿ ಅಣ್ಣ.

ಕೊನೆಯ ಶುಕ್ರವಾರ ಸಂಜೆ ಮನೆಯಲ್ಲಿ ಅಮ್ಮ ಹನ್ನೊಂದು ಬಿಲ್ಲುಗಳನ್ನೂ, ಕಂಪನಿಯವರು ಕೊಟ್ಟಿದ್ದ ಅಚ್ಚು ಹಾಕಿದ ಹಾಳೆಯನ್ನೂ ಪಿಟೀಲಿನ ಮುಂದಿಟ್ಟಳು. ಹಾಳೆಯಲ್ಲಿ ಮೂರು ಕಾಲಂ ಇತ್ತು. ಯಾರು, ಬೆಲೆ ಬಗ್ಗೆ ಏನಂದರು, ಫೀಚರ್ ಬಗ್ಗೆ ಏನಂದರು.

"ನೀಟಾಗಿ ಇಳಿಸಿಬಿಡು ಕಂದ. ನಂದು ಕಾಗೆ ಕಾಲು ಗುಬ್ಬಿ ಕಾಲು. ಬರೆದಾದ ಮೇಲೆ ಬಿಲ್ಲುಗಳನ್ನ ಬುಟ್ಟಿಗೆ ಹಾಕು," ಎಂದು ಅಮ್ಮ ಪಾತ್ರೆ ತೊಳೆಯಲು ಹೋದಳು.

ಪಿಟೀಲಿನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವಳು 'ಬಸ್ ಡ್ರೈವರ್' ಎಂದು ದುಂಡಗೆ ಬರೆದಳು. ಮುಂದಿನ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

ಅವಳ ಶಾಲೆಯಲ್ಲೂ ಇಂಥದೇ ಒಂದು ಹಾಳೆ ಇದೆ. ಪ್ರೋಗ್ರೆಸ್ ರಿಪೋರ್ಟು. ಹಿಂದಿನ ಬೆಂಚಿನ ಹುಡುಗನ ರಿಪೋರ್ಟಿನಲ್ಲಿ ಮಿಸ್ಸು ಬರೆದಿದ್ದೆಲ್ಲ ದೂರೇ. ಅವನನ್ನು ಬೇರೆ ಸೆಕ್ಷನ್ನಿಗೆ ಹಾಕಿದರು. ಈ ಹಾಳೆಯ ತುಂಬ ದೂರು ಹೋದರೆ ಅಮ್ಮನನ್ನು ಎಲ್ಲಿಗೆ ಹಾಕುತ್ತಾರೆ ಎಂದು ಪಿಟೀಲಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಬರೆದಳು, 'ಬೆಲೆ ಸೂಪರ್. ಫೀಚರ್ ಸೂಪರ್.'

ಮೇಷ್ಟ್ರಿಗೆ 'ತುಂಬಾ ಸೂಪರ್' ಎಂದು ಬರೆದಳು. ಎಲ್ಲರೂ ಒಂದೇ ಥರ ಹೇಳಿದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಅವಳಿ ಮಕ್ಕಳ ಅಮ್ಮನಿಗೆ 'ಸೂಪರೋ ಸೂಪರ್'. ಬೆಲೆ ಒಂಚೂರು ಜಾಸ್ತಿ ಅಂದಿದ್ದ ನರ್ಸನ್ನೂ ಬಿಡಲಿಲ್ಲ. ಬಿಲ್ಲುಗಳನ್ನು ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದಳು.

ಅಮ್ಮ ಒದ್ದೆ ಕೈ ಹಾಳೆಗೆ ತಾಗದಂತೆ ದೂರದಿಂದಲೇ ನೋಡಿದಳು. "ಎಷ್ಟು ಚೆನ್ನಾಗಿ ಕಾಣುತ್ತೆ ನೋಡು," ಎಂದಳು. ಅಪ್ಪ ಹಾಳೆಯನ್ನು ಮಡಿಸಿ ಕವರಿಗೆ ಹಾಕಿ ಅಂಟಿಸಿದರು. ಯಾರೂ ಓದಲಿಲ್ಲ.

ಸೋಮವಾರ ಪಿಟೀಲು ಅಂಗಡಿಗೆ ಬಂದಾಗ ಕಂಪನಿಯ ಮೇಡಂ ಅವಳ ಸ್ಟೂಲಿನ ಮೇಲೆ ಕೂತಿದ್ದರು. ಅಂಗಡಿ ಯಜಮಾನರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಪಿಟೀಲು ಫ್ಯಾನುಗಳ ಸಾಲಿನ ಬಳಿ ನಿಂತಳು.

ಮೇಡಂ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಮತ್ತೆ ಓದಿದರು.

"ಹನ್ನೊಂದು ಜನರಿಗೂ ಬೆಲೆ ಇಷ್ಟ ಆಗಿದೆ. ಹನ್ನೊಂದು ಜನರಿಗೂ ಫೀಚರ್ ಇಷ್ಟ ಆಗಿದೆ. ಕೊಂಡೋರು ಎಷ್ಟು ಜನ?"

"ಇಬ್ಬರು ಮೇಡಂ," ಎಂದಳು ಅಮ್ಮ. ಅವಳ ಮುಖದಲ್ಲಿ ಗೊಂದಲ.

"ಹಾಗಾದ್ರೆ ಟ್ಯಾಬ್ಲೆಟ್‌ನಲ್ಲಿ ಏನೂ ತೊಂದರೆ ಇಲ್ಲ." ಮೇಡಂ ಸಿಟ್ಟಿನಿಂದ ಹೇಳಲಿಲ್ಲ, ಬೇಜಾರಿನಿಂದ ಹೇಳಿದರು. "ಇಷ್ಟೊಂದು ಇಷ್ಟಪಟ್ಟ ಮೇಲೂ ಜನ ತಗೊಂಡಿಲ್ಲ ಅಂದ್ರೆ ಮಾರೋದ್ರಲ್ಲೇ ಏನೋ ಕೊರತೆ ಇರ್ಬೇಕು. ಅಲ್ವಾ?"

ಹೀಗೂ ಆಗಬಹುದು ಎಂದು ಪಿಟೀಲು ಯೋಚಿಸಿಯೇ ಇರಲಿಲ್ಲ. ಅಮ್ಮನನ್ನು ಉಳಿಸಲು ಬರೆದ ಒಂದೊಂದು ಸೂಪರ್ರೂ ಅಮ್ಮನ ತಲೆಯ ಮೇಲೇ ಬಿದ್ದಿತ್ತು.

ಅಮ್ಮ ಹಾಳೆಯನ್ನು ತೆಗೆದುಕೊಂಡು ಓದಿದಳು. ತಲೆಯೆತ್ತಿ ಫ್ಯಾನುಗಳ ಕಡೆ ಒಂದು ಸಲ ನೋಡಿದಳು. ಮತ್ತೆ ಮೇಡಂ ಕಡೆ ತಿರುಗಿದಳು.

"ತಪ್ಪಾಗಿದೆ ಮೇಡಂ. ಕೊಡೋ ಮುಂಚೆ ನಾನು ಓದಬೇಕಿತ್ತು."

ಅಷ್ಟೇ. ಮಗಳ ಹೆಸರು ಎತ್ತಲಿಲ್ಲ. ಮೇಡಂ ತಮ್ಮ ಡೈರಿಯಲ್ಲಿ ಏನೋ ಬರೆಯತೊಡಗಿದರು. ಪಿಟೀಲು ಸುಮ್ಮನಿದ್ದರೆ ಸುಮ್ಮನೇ ಇರಬಹುದಿತ್ತು, ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಆದರೆ ಅಮ್ಮ ತಲೆ ತಗ್ಗಿಸಿ ನಿಂತಿದ್ದನ್ನು ನೋಡಲು ಅವಳಿಂದ ಆಗಲಿಲ್ಲ.

"ಅದನ್ನ ಬರ್ದಿದ್ದು ನಾನು," ಎಂದಳು.

"ಹೌದಾ? ಅಕ್ಷರ ಚೆನ್ನಾಗಿದೆ," ಎಂದರು ಮೇಡಂ.

"ಅಕ್ಷರ ಚೆನ್ನಾಗಿದೆ. ಆದ್ರೆ ಬರ್ದಿದ್ದು ಸುಳ್ಳು. ಯಾರೂ ಸೂಪರ್ ಅಂದಿಲ್ಲ. ಅಮ್ಮ ಸರಿಯಾಗೇ ಬರ್ಕೊಂಡಿದ್ರು. ನಾನು ಇಳಿಸುವಾಗ ಬದಲಾಯಿಸ್ದೆ."

ಡೈರಿಯ ಮೇಲೆ ಪೆನ್ನು ನಿಂತಿತು. "ಅಮ್ಮ ಬರ್ಕೊಂಡಿದ್ದು ಎಲ್ಲಿದೆ?"

"ಹರಿದು ಹಾಕ್ದೆ." ಪಿಟೀಲು ಫ್ಯಾನುಗಳ ಸಾಲು ಬಿಟ್ಟು ಮುಂದೆ ಬಂದಳು. "ಆದ್ರೆ ನನಗೆಲ್ಲಾ ನೆನಪಿದೆ."

ನೆನಪಿಲ್ಲದೆ ಏನು? ದಿನಾ ಲೆಕ್ಕ ಬಿಟ್ಟು ಅದನ್ನೇ ಅಲ್ಲವೇ ಕೇಳಿಸಿಕೊಂಡಿದ್ದು. ಶಾಲೆಯಲ್ಲಿದ್ದಾಗ ಬಂದವರ ಮಾತನ್ನು ಹರಿಯುವ ಮುಂಚೆ ಬಿಲ್ಲಿನಲ್ಲೇ ಓದಿದ್ದಳು. ಅವಳು ಮೇಜಿನ ಹತ್ತಿರ ಬಂದು ಟ್ಯಾಬ್ಲೆಟ್ಟನ್ನು ಎತ್ತಿಕೊಂಡಳು. ಬಾಗಿಲ ಕಡೆ ಹೋಗಿ ಬಸ್ ಡ್ರೈವರ್ ಹಾಗೆ ಬಿಸಿಲಿಗೆ ಹಿಡಿದಳು. "ನನ್ನ ಮುಖ ನೋಡೋಕೆ ಮನೇಲಿ ಕನ್ನಡಿ ಇದೆ," ಎಂದಳು. ಮೇಷ್ಟ್ರ ಹಾಗೆ ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ ಅಂಚನ್ನೆಲ್ಲ ತಡಕಿದಳು. ಮೂಗುತಿಯ ಮಾತು ಬಂದಾಗ ಯಜಮಾನರು, "ಹೌದೌದು, ಆ ಅಮ್ಮ ನನಗೂ ಹಾಗೇ ಹೇಳಿದ್ರು," ಎಂದರು. ಗೇಮ್ ತೆವಳುತ್ತದೆ ಎಂದದ್ದು ಅಮ್ಮನೇ ಎಂದು ಪಿಟೀಲು ಹೇಳಿಬಿಟ್ಟಾಗ ಮಾತ್ರ ಅವರು ಒಮ್ಮೆ ಕೆಮ್ಮಿದರು.

ಮೇಡಂ ಬರೆಯುತ್ತಲೇ ಇದ್ದರು. "ಗುಂಡಿ ಮಾತು ಇನ್ನೊಂದ್ಸಲ ಹೇಳು. ಕಪ್ಪು ಮೇಲೆ ಕಪ್ಪು ಅಂದ್ರಾ?"

"ಹೂಂ. ಮತ್ತೆ ನರ್ಸು ಆಂಟಿ ತಗೊಂಡ್ರಲ್ಲ, ಅವರು ಬೆಲೆ ಒಂಚೂರು ಜಾಸ್ತಿ, ಆದ್ರೆ ಕೋಟಿನ ಜೇಬಲ್ಲಿ ಕೂರೋದು ಇದೊಂದೇ ಅಂದ್ರು."

ಹನ್ನೊಂದು ಜನರೂ ಮುಗಿದರು. ಮೇಡಂ ಡೈರಿಯನ್ನು ಮುಚ್ಚಿ ಪಿಟೀಲನ್ನು ನೋಡಿದರು.

"ಗುಂಡಿ ಕಾಣಲ್ಲ ಅಂದ್ರೆ ಅದಕ್ಕೆ ಬಿಳಿ ಬಣ್ಣ ಹಾಕಿ ಅಂತ ನಾನು ಆಫೀಸಲ್ಲಿ ಹೇಳಬಹುದು. ಸೂಪರ್ ಅಂದ್ರೆ ಏನು ಹಾಕಿ ಅಂತ ಹೇಳಲಿ?"

ಪಿಟೀಲು ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟಳು.

ಮೇಡಂ ಅಮ್ಮನಿಗೆ ಹೇಳಿದರು, "ಇನ್ನೂ ಹದಿನೈದು ದಿನ ನೋಡೋಣ. ಆಮೇಲೆ ಏನು ಅಂತ ಈಗಲೇ ಹೇಳಲಾರೆ. ಮುಂದಿನ ಸಲ ಬಿಲ್ಲುಗಳನ್ನೇ ಕೊಟ್ಬಿಡಿ. ಕಾಗೆ ಕಾಲಾದ್ರೂ ಪರವಾಗಿಲ್ಲ, ನಾನು ಓದ್ಕೋತೀನಿ."

ಮನೆಗೆ ಹೋಗುವ ದಾರಿಯಲ್ಲಿ ಸಿಗ್ನಲ್ ಬಂತು. ಕೆಂಪು ದೀಪ ಹತ್ತಿ ನಿಂತಾಗ ಅಮ್ಮ ಕೇಳಿದಳು, "ಯಾಕೆ ಹಾಗ್ಮಾಡ್ದೆ?"

"ನೀನು ಫೇಲ್ ಆಗ್ತೀಯ ಅಂತ."

"ನಾನಾ?"

"ಫೇಲ್ ಆದ್ರೆ ಪ್ಯಾಕಿಂಗ್ ಶೆಡ್ಡಿಗೆ ಹೋಗ್ತೀಯ. ಆಮೇಲೆ ನಾನು ಬರೋವಾಗ ನೀನಿರಲ್ಲ." ಇಷ್ಟು ಹೇಳುವಷ್ಟರಲ್ಲಿ ಪಿಟೀಲಿನ ಮೂಗು, ಕಣ್ಣು ಎಲ್ಲ ಸುರಿಯತೊಡಗಿತು.

ಹಸಿರು ದೀಪ ಬಂತು. ಜನರೆಲ್ಲ ದಾಟಿದರು. ಅಮ್ಮ ದಾಟಲಿಲ್ಲ. ಕರ್ಚೀಫು ತೆಗೆದು ಮಗಳ ಮುಖ ಒರೆಸಿದಳು.

"ಹೋಗ್ಬೇಕಾಗಿ ಬಂದ್ರೆ ಹೋಗ್ತೀನಿ. ನನಗೂ ಇಷ್ಟ ಇಲ್ಲ. ನೀನು ಪಕ್ಕದಲ್ಲಿ ಕೂತು ತಲೆ ತಿನ್ನೋದು ನನಗೂ ಅಭ್ಯಾಸ ಆಗಿಬಿಟ್ಟಿದೆ." ಕರ್ಚೀಫು ಮಡಿಸುತ್ತಾ ಹೇಳಿದಳು, "ಆದ್ರೆ ಪಿಟೀಲು, ಅವರು ಗೊಣಗಿದ್ದು ನನ್ನ ಮೇಲಲ್ಲ. ನಾನು ಕೇಳಿಸ್ಕೋತೀನಿ ಅಂತ ನನ್ನ ಹತ್ರ ಗೊಣಗಿದ್ರು."

ಪಿಟೀಲು ಮೂಗು ಏರಿಸಿದಳು. "ನನಗೆ ಬೈತೀಯಾ?"

"ಬೈತೀನಿ. ಮನೆಗೆ ಹೋಗಿ ಬೈತೀನಿ. ರಸ್ತೇಲಿ ಬೇಡ."

ಅಮ್ಮ ಮನೆಗೆ ಹೋಗಿ ಬೈದಳು. ಅಪ್ಪನೂ ಸ್ವಲ್ಪ ಸೇರಿಸಿದರು.

ಮರುದಿನ ಸಂಜೆ ಗಡಿಯಾರ ರಿಪೇರಿ ಮಾಡುವ ತಾತ ಮೇಜಿನ ಹತ್ತಿರ ಬಂದರು. ಟ್ಯಾಬ್ಲೆಟ್ಟನ್ನು ಕೈಯಲ್ಲಿಟ್ಟುಕೊಂಡು ತೂಗಿ ನೋಡಿದರು. ಅವರು ಬಾಯಿ ತೆರೆಯುವ ಮುಂಚೆಯೇ ಪಿಟೀಲು ಶುರುಮಾಡಿದಳು. "ತಾತ, ಅದು ಬಿಸಿಲಲ್ಲಿ ಕಾಣಲ್ಲ. ಚಾರ್ಜರ್ ಬೇರೆ ಕೊಳ್ಳಬೇಕು. ಗೇಮ್ ತೆವಳುತ್ತೆ. ಗುಂಡಿ—"

"ಬೆಲೆ ಪರವಾಗಿಲ್ಲ ಕಣಮ್ಮ," ಎಂದರು ತಾತ ಅಮ್ಮನಿಗೆ. "ಚಿಕ್ಕ ಚಿಕ್ಕ ಮುಳ್ಳು, ಚಕ್ರ ಎಲ್ಲ ಇದರ ಕ್ಯಾಮೆರಾದಲ್ಲಿ ದೊಡ್ಡದಾಗಿ ಕಾಣುತ್ತೆ, ಅದೂ ಒಳ್ಳೇದು. ಆದ್ರೆ ಈ ಹುಡುಗಿಗೆ ಬಾಯಿ ಜಾಸ್ತಿ. ನೆಮ್ಮದಿಯಾಗಿ ಒಂದು ಸಾಮಾನು ನೋಡೋಕೆ ಬಿಡಲ್ಲ. ನಾಳೆ ಇವಳು ಶಾಲೇಲಿರೋವಾಗ ಬರ್ತೀನಿ."

ತಾತ ಹೋದರು. ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದು ಅಮ್ಮನನ್ನು ಏನೋ ಕೇಳತೊಡಗಿದ್ದರು. ಅಮ್ಮ ತಿರುಗಿಯೂ ನೋಡದೆ, "ನೀನೇ ಬರ್ಕೋ," ಎಂದು ಪೆನ್ಸಿಲನ್ನು ಪಿಟೀಲಿನ ಕಡೆ ತಳ್ಳಿದಳು.

ಪಿಟೀಲು ಒಂದು ಬಿಲ್ಲನ್ನು ಮಗುಚಿದಳು. 'ಗಡಿಯಾರ ತಾತ. ಬೆಲೆ ಪರವಾಗಿಲ್ಲ. ಚಿಕ್ಕ ಮುಳ್ಳು ದೊಡ್ಡದಾಗಿ ಕಾಣುತ್ತೆ.' ಇನ್ನೂ ಒಂದು ಮಾತು ಉಳಿದಿತ್ತು. ಅದನ್ನು ಕೇಳಿಸಿಕೊಂಡವರು ಅವಳು ಮತ್ತು ಅಮ್ಮ ಇಬ್ಬರೇ. ಅಮ್ಮ ಆ ಹೆಂಗಸರಿಗೆ ಅಕ್ಷರ ದೊಡ್ಡದು ಮಾಡುವುದನ್ನು ತೋರಿಸುತ್ತಿದ್ದಳು. ಮಗಳು ಏನು ಬರೆಯುತ್ತಾಳೆ ಎಂದು ನೋಡುತ್ತಲೇ ಇರಲಿಲ್ಲ.

ಪಿಟೀಲಿನ ಕಿವಿ ಬಿಸಿಯಾಯಿತು. ಅವಳು ಪೆನ್ಸಿಲನ್ನು ಬಿಗಿಯಾಗಿ ಹಿಡಿದು, ದುಂಡಗೆ, ಒಂದಕ್ಷರವನ್ನೂ ಬಿಡದೆ ಬರೆದಳು. 'ಪಕ್ಕದಲ್ಲಿ ಕೂತಿರೋ ಹುಡುಗಿಗೆ ಬಾಯಿ ಜಾಸ್ತಿ.'