ಹೊಳಿಯವ್ವನ ಹಳೇ ಮಷೀನು

"ಅಕ್ಕಾರ, ಮಾಲಕರು ಅದಾರೇನ್ರಿ?"

ಬಾಗಿಲಲ್ಲಿ ನಿಂತವನ ನೆರಳು ರಿಕಾರ್ಡಿನ ಮೇಲೆ ಬಿತ್ತು. ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ ಹೊಳಿಯವ್ವ ತಲೆ ಎತ್ತಿದಳು. ಇಸ್ತ್ರಿ ಮಾಡಿದ ಅಂಗಿ, ಎಷ್ಟು ಬಾಚಿದರೂ ಹಣೆಗೆ ಬೀಳುವ ಕೂದಲು, ನಗಲೋ ಬೇಡವೋ ಎಂದು ಕಾಯುತ್ತಿದ್ದ ತುಟಿ. ಅಪ್ಪ ಹೇಳಿದ್ದ ರಾಣೆಬೆನ್ನೂರಿನ ಫಕ್ಕೀರೇಶ ಇವನೇ ಇರಬೇಕು. ಅವಳ ರಿಕಾರ್ಡ್ ಹಾಕುವ ಮಷೀನನ್ನು ಕೊಳ್ಳಲು ಬಂದವನು. ಚೆಂದ ಇದ್ದಾನೆ ಎಂದಿತು ಮನಸ್ಸು. ಹೊಳಿಯವ್ವ ಮನಸ್ಸಿಗೆ ಚೆನ್ನಾಗಿ ಬೈದಳು.

"ಮಾಲಕರು ಒಳಗ ಮಲಗ್ಯಾರ. ಅಕ್ಕ ಇಲ್ಲೇ ಅದಾಳ. ಏನ್ ಬೇಕಿತ್ತು?"

ಅದು ಎಂಬತ್ತೇಳನೆಯ ಇಸವಿ. ಹಾವೇರಿಯ ಮೈಲಾರಪ್ಪನ ಸೌಂಡ್ ಸರ್ವಿಸ್ ಅಂದರೆ ಗುತ್ತಲದಿಂದ ಕರ್ಜಗಿಯವರೆಗೆ ಹೆಸರು. ಕಂಬ ಹತ್ತಿ ಹಾರ್ನ್ ಕಟ್ಟುವಾಗ ಬಿದ್ದು ಅವನು ಕಾಲು ಮುರಿದುಕೊಂಡ ಮೇಲೆ, ಮೂರು ತಿಂಗಳಿಂದ ಮದುವೆಗಳಲ್ಲಿ ಹಾಡು ಹಾಕಿ ನಡೆಸಿದವಳು ಮಗಳು ಹೊಳಿಯವ್ವ. ಹೆಣ್ಣುಮಗಳು ರಿಕಾರ್ಡ್ ಹಾಕ್ತಾಳ ಎಂದು ಜನ ಆಡಿಕೊಂಡರು. ಜನರ ಬಾಯಿಗೆ ಹೆದರಿದ್ದು ಅವಳಲ್ಲ, ಅವಳಪ್ಪ. ಮಷೀನು ಮಾರಿ ಮಗಳಿಗೆ ಗಂಡು ನೋಡುವುದೆಂದು ತೀರ್ಮಾನಿಸಿಬಿಟ್ಟಿದ್ದ. ಆ ಮಷೀನಿನ ಮುಂದೆ ಕೂತಾಗ ಮಾತ್ರ ತಾನು ತಾನಾಗಿರುತ್ತೇನೆ ಎಂದು ಹೊಳಿಯವ್ವನಿಗೆ ಗೊತ್ತಿತ್ತು. ಏನೇ ಆಗಲಿ, ಕೊಡಬಾರದು ಎಂದು ಪಟ್ಟು ಹಿಡಿದಿದ್ದಳು.

ಫಕ್ಕೀರೇಶ ಮಷೀನಿನ ಮೇಲೆ ಬಾಗಿದ. "ಟೆಕ್ನಿಕ್ಸ್ ಟ್ವೆಲ್ವ್ ಹಂಡ್ರೆಡ್, ಮೊದಲನೇದು! ನನ್ನ ಹತ್ರಾನೂ ಐತ್ರಿ, ಆದ್ರ ಅದರ ಮುಂದಿನದು, ಮಾರ್ಕ್ ಟೂ. ನಮ್ಮಣ್ಣ ಕುವೈತದಿಂದ ತಂದಾನ."

"ಎರಡೂ ಒಂದ ಅಲ್ಲೇನ್ರಿ?" ಹೊಳಿಯವ್ವ ಏನೂ ತಿಳಿಯದವಳ ಹಾಗೆ ಕಣ್ಣು ಅಗಲಿಸಿದಳು.

ಪಾಪ, ಅವನು ಉತ್ಸಾಹದಿಂದ ಹೇಳತೊಡಗಿದ. "ಒಂದ ಹೆಂಗಾಗ್ತಾವ? ಇದರಾಗ ಸ್ಪೀಡ್ ಹೆಚ್ಚು ಕಡಿಮಿ ಮಾಡಾಕ ತಿರುವೂ ಗುಂಡಿ ಅದಾವ. ಮೂವತ್ಮೂರು ಸುತ್ತಿನ ರಿಕಾರ್ಡಿಗೆ ಒಂದು, ನಲವತ್ತೈದರದಕ್ಕ ಒಂದು. ನಂದರಾಗ ಹಿಂದ ಮುಂದ ಸರಿಸೂ ಪಟ್ಟಿ ಐತಿ. ನಡುವ ಸೊನ್ನೆಗೆ ಬಂತಂದ್ರ ಟಕ್ ಅಂತೈತಿ. ಸ್ಪೀಡ್ ಬರೋಬ್ಬರಿ."

"ಕಿವಿ ಇಲ್ಲದವರಿಗೆ ಟಕ್ ಬೇಕಾಗ್ತೈತ್ರಿ."

ಫಕ್ಕೀರೇಶ ಬಾಗಿದಲ್ಲಿಂದಲೇ ಕಣ್ಣೆತ್ತಿ ನೋಡಿದ. ಒಂದು ಗಳಿಗೆ ಇಬ್ಬರೂ ನೋಟ ಕೀಳಲಿಲ್ಲ.

"ಅಂದ್ರ ಇದನ್ನ ನಡಸಾವ್ರು ನೀವ?"

"ನಾನ."

"ಹಂಗಾರ ಅಕ್ಕಾರ ಅಂದದ್ದು ವಾಪಸ್ ತಗೊಂಡೇನ್ರಿ."

"ಯಾಕ?"

"ಯಾಕಿಲ್ಲ, ಹಿಂಗ ಸುಮ್ನ," ಎಂದ. ಕಿವಿಯ ತುದಿ ಕೆಂಪಾಗಿತ್ತು. ಹೊಳಿಯವ್ವ ಒರೆಸಿದ ರಿಕಾರ್ಡನ್ನೇ ಮತ್ತೊಮ್ಮೆ ಒರೆಸಿದಳು.

ಒಳಗಿನಿಂದ ಮೈಲಾರಪ್ಪ ಕೋಲೂರಿಕೊಂಡು ಬಂದ. ಫಕ್ಕೀರೇಶನಿಗೆ ಎರಡನೆಯ ಮಷೀನು ಬೇಕಿತ್ತು. ಒಂದರಲ್ಲಿ ಹಾಡು ಮುಗಿಯುವ ಮೊದಲೇ ಇನ್ನೊಂದರಲ್ಲಿ ಶುರು ಮಾಡಿ, ನಡುವೆ ಒಂಚೂರೂ ಬಿಡುವಿಲ್ಲದೆ ಬಾರಿಸಬೇಕೆಂಬುದು ಅವನ ಕನಸು. ಆದರೆ ಕೊಳ್ಳುವ ಮೊದಲು ಒಂದು ಮದುವೆ ನಡೆಸಿ ನೋಡುತ್ತೇನೆ ಎಂದ.

"ನಾಳೆ ಬ್ಯಾಡಗ್ಯಾಗ ಮದುವಿ ಐತಿ. ನೀನ ನಡಸಪಾ," ಎಂದ ಮೈಲಾರಪ್ಪ. ಆಮೇಲೆ ಮಗಳ ಕಡೆ ತಿರುಗಿ, "ನೀ ಬರೇ ತೋರಿಸಿ ಕೊಡು. ಕೈ ಹಚ್ಚಬಾರ್ದು ನೋಡು," ಎಂದ.

ಬ್ಯಾಡಗಿಯ ಗಾಳಿಯಲ್ಲಿ ಎಂದಿನಂತೆ ಮೆಣಸಿನಕಾಯಿಯ ಘಾಟು. ಬೀಗರ ಕಡೆಯವರು ಚಪ್ಪರದಲ್ಲಿ ಸಾಲಾಗಿ ಸೀನುತ್ತಿದ್ದರು. ಫಕ್ಕೀರೇಶ ನಿಜಕ್ಕೂ ಚೆನ್ನಾಗಿಯೇ ನಡೆಸಿದ. ರಿಕಾರ್ಡಿನ ಮೇಲೆ ಮುಳ್ಳನ್ನು ಹೂವಿಟ್ಟ ಹಾಗೆ ಇಳಿಸುತ್ತಿದ್ದ. ಪ್ರತಿ ಹಾಡಿಗೊಮ್ಮೆ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದ ಅವಳ ಕಡೆ ನೋಡಿ, ಹೆಂಗೈತಿ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದ. ಹೊಳಿಯವ್ವ ನಗು ನುಂಗಿ ಮುಖ ತಿರುವುತ್ತಿದ್ದಳು. ಒಳಗೊಳಗೆ ಅಳು ಬರುತ್ತಿತ್ತು. ಇಷ್ಟು ಚೆಂದದ ಕೈಗೇ ತನ್ನ ಮಷೀನು ಹೋಗಬೇಕೇ?

ಇನ್ನೇನು ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಕರೆಂಟ್ ಹೋಯಿತು. ಗಡಗಡ ಸದ್ದು ಮಾಡುತ್ತ ಜನರೇಟರ್ ಎದ್ದಿತು. ಫಕ್ಕೀರೇಶ ಶಹನಾಯಿಯ ರಿಕಾರ್ಡ್ ಹಾಕಿ ಮಷೀನಿನ ಅಂಚು ನೋಡಿದ. ಸ್ಪೀಡ್ ಸರಿಯಿದ್ದರೆ ಅಲ್ಲಿನ ಪುಟ್ಟ ದೀಪದ ಬೆಳಕಿನಲ್ಲಿ ನಿಂತಂತೆ ಕಾಣಬೇಕಾದ, ತಿರುಗುವ ತಟ್ಟೆಯಂಚಿನ ಚುಕ್ಕೆಗಳು ಓಡುತ್ತಿದ್ದವು. ಅವು ನಿಲ್ಲುವವರೆಗೆ ಗುಂಡಿ ತಿರುವಿದ. ಚುಕ್ಕೆಗಳು ನಿಂತವು. ಶಹನಾಯಿ ಮಾತ್ರ ಎಳೆದೆಳೆದು, ಸತ್ತವರ ಮನೆಯ ಮುಂದೆ ಕೂತ ಹಾಗೆ ಅಳತೊಡಗಿತು.

ಚಪ್ಪರ ಗುಜುಗುಜು ಎಂದಿತು. "ಮದುವಿ ಮನ್ಯಾಗ ಇದೇನ್ ಅಪಶಕುನ?" ಎಂದು ಗಂಡಿನ ಕಡೆಯ ಹಿರಿಯ ಮಾಲತೇಶಪ್ಪ ಕೂಗಿದ. ಮಣೆಯ ಮೇಲಿದ್ದ ಮದುಮಗಳ ಕಣ್ಣು ತುಂಬಿದವು. ಫಕ್ಕೀರೇಶ ಬೆವೆತುಹೋದ. ಚುಕ್ಕೆಗಳು ಸರಿಯಾಗಿಯೇ ಇವೆಯಲ್ಲ!

ತಪ್ಪು ಎಲ್ಲಿದೆ ಎಂದು ಹೊಳಿಯವ್ವನಿಗೆ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಸಾಕು, ಈ ಮಷೀನು ಕೆಟ್ಟಿದೆ ಎಂದು ಬಿಟ್ಟು ಹೋಗುತ್ತಾನೆ. ಮಷೀನು ತನಗೇ ಉಳಿಯುತ್ತದೆ. ಅಪ್ಪನ ಮಾತನ್ನೂ ಮೀರಿದಂತಾಗುವುದಿಲ್ಲ.

ಅವಳು ಮದುಮಗಳನ್ನು ನೋಡಿದಳು. ಫಕ್ಕೀರೇಶ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ಬಿಡುವುದನ್ನು ನೋಡಿದಳು. ಹೋದರೆ ಹೋಗಲಿ ಎಂದು ಎದ್ದು, ಸೆರಗು ಸಿಕ್ಕಿಸಿಕೊಂಡು, ಗಂಡಸರ ಸಾಲನ್ನು ಸೀಳಿಕೊಂಡು ನಡೆದಳು.

"ಒಂಚೂರು ಆ ಕಡೆ ಸರೀರಿ."

ಹಣೆಯ ಟಿಕಳಿ ಕಿತ್ತು ದೀಪದ ಮೇಲೆ ಅಂಟಿಸಿದಳು. ಚುಕ್ಕೆಗಳು ಮಾಯವಾದವು. ಕಣ್ಣು ಮುಚ್ಚಿ ಗುಂಡಿಯನ್ನು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ತಿರುವಿದಳು. ಶಹನಾಯಿ ಕಣ್ಣೊರೆಸಿಕೊಂಡು ನಕ್ಕಿತು. ಅಕ್ಕಿಕಾಳು ಬಿದ್ದವು.

"ನಿಮ್ಮ ಮಷೀನಿನ ದೀಪಕ್ಕ ಒಳಗ ತನ್ನದ ಲೆಕ್ಕ ಐತಿ," ಎಂದು ಮೆಲ್ಲಗೆ ಹೇಳಿದಳು. "ಇದರ ದೀಪ ಕರೆಂಟ್ ಹೆಂಗ ಕುಣಸ್ತೈತಿ ಹಂಗ ಕುಣೀತೈತಿ. ಜನರೇಟರ್ ಮ್ಯಾಲೆ ಚುಕ್ಕಿ ಸುಳ್ಳು ಹೇಳ್ತಾವ. ನೋಡಬಾರ್ದು, ಕೇಳಬೇಕು."

ಅವನು ಮಷೀನು ನೋಡಲಿಲ್ಲ. ಟಿಕಳಿ ಇಲ್ಲದ ಅವಳ ಹಣೆಯನ್ನೇ ನೋಡುತ್ತ ನಿಂತ.

ಮರುದಿನ ಫಕ್ಕೀರೇಶ ಮಷೀನು ಒಯ್ಯಲು ಬರುವುದೆಂದು ಮಾತಾಗಿತ್ತು. ಮೊದಲೇ ಒಪ್ಪಿಕೊಂಡಿದ್ದ ಹಲಗೇರಿಯ ಮದುವೆಗೆ ನಮ್ಮಿಂದಾಗುವುದಿಲ್ಲ ಎಂದು ಮೈಲಾರಪ್ಪ ಆಗಲೇ ಹೇಳಿ ಕಳಿಸಿದ್ದ. ಹೊಳಿಯವ್ವ ಮಷೀನು ಕಟ್ಟಲಿಲ್ಲ. ಅದರ ಮುಂದೆ ನೆಟ್ಟಗೆ ಕೂತಿದ್ದಳು. ಬಂದವನಿಗೆ ಮುಖದ ಮೇಲೆ ಇಲ್ಲ ಎನ್ನಬೇಕೆಂದು ನಿಶ್ಚಯಿಸಿದ್ದಳು.

ಫಕ್ಕೀರೇಶ ಬಸ್ಸಿನಿಂದಿಳಿದು ಬಂದ. ಎದೆಗೆ ಅವುಚಿಕೊಂಡ ಗಂಟಿನಲ್ಲಿ ಅವನ ಮಾರ್ಕ್ ಟೂ ಇತ್ತು.

"ಒಯ್ಯಾಕ ಬಂದಾವ ಹೊತ್ಕೊಂಡು ಬಂದೀಯಲ್ಲೋ ತಮ್ಮಾ?" ಎಂದ ಮೈಲಾರಪ್ಪ.

"ಒಯ್ಯಾಕ ಬಂದಿಲ್ಲ ಕಾಕಾ. ಇಡಾಕ ಬಂದೇನಿ." ಅವನು ಹೊಳಿಯವ್ವನ ಕಡೆ ತಿರುಗಿದ. "ನೀವು ಸುಮ್ನ ಕುಂತಿದ್ರ ನಿಮ್ಮ ಮಷೀನು ನಿಮಗ ಉಳೀತಿತ್ತು. ಗೊತ್ತಿದ್ದೂ ಎದ್ದು ಬಂದ್ರಿ. ನಿನ್ನಿ ಆ ಹೊತ್ತಿನಿಂದ ನನಗ ಬ್ಯಾರೆ ಏನೂ ತಲ್ಯಾಗಿಲ್ಲ. ನೀವಂದ್ರ ನನಗ ಜೀವ ಐತ್ರಿ. ನನ್ನ ಮದುವಿ ಆಗ್ತೀರೇನು? ರಾಣೆಬೆನ್ನೂರಿಗೆ ಬರ್ರಿ ಅನ್ನಾಂಗಿಲ್ಲ. ನಾನ ಇಲ್ಲಿಗೆ ಬರ್ತೇನಿ."

"ಮನಿ ಅಳಿಯಾ? ಮಂದಿ ಏನಂತಾರೋ?" ಮೈಲಾರಪ್ಪ ಗಾಬರಿಯಾದ.

"ಇಷ್ಟ್ ದಿನ ಇವರೊಬ್ಬರಿಗೆ ಅಂದ್ರಲ್ರಿ. ಇನ್ನ ನನಗೂ ಒಂದೀಟು ಅನ್ನಲಿ."

ಹೊಳಿಯವ್ವನಿಗೆ ಸಂತೋಷದಿಂದ ಕುಣಿಯುವಂತಾಗಿತ್ತು. ಆದರೂ ಕೇಳಬೇಕಾದ್ದನ್ನು ಕೇಳಿದಳು. "ಮದುವಿ ಆದ ಮ್ಯಾಲೆ ಮನ್ಯಾಗ ಕುಂದ್ರು ಅಂದ್ರ?"

"ಅಂದ್ರ ಕುಂದ್ರತೀರೇನು?"

"ಇಲ್ಲ."

"ಅದಕ್ಕ ಬಂದೇನಿ."

ಅವಳು ಎದ್ದು ತನ್ನ ಮಷೀನನ್ನು ಎರಡೂ ಕೈಯಿಂದ ಹಿಡಿದು ಮೇಜಿನ ಬಲಕ್ಕೆ ಸರಿಸಿದಳು. ಎಡಗಡೆ ಖಾಲಿಯಾದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಇಲ್ಲಿಡ್ರಿ," ಎಂದಳು. "ನನ್ನ ಮನಸ್ಸಿನ್ಯಾಗೂ ನೀವ ಅದೀರಿ."

ಮೈಲಾರಪ್ಪ ಎರಡು ಮಷೀನನ್ನೂ, ಎರಡು ಮುಖವನ್ನೂ ನೋಡಿದ. ಆಮೇಲೆ ಕೋಲು ನೆಲಕ್ಕೆ ಕುಟ್ಟಿದ.

"ಹಲಗೇರಿ ಬಸ್ಸಿನವರ ಕಡೆ ಹೇಳಿ ಕಳಸ್ರಿ. ಮದುವಿಗೆ ಬರ್ತೇವಿ. ನಮ್ಮ ಹೊಳಿಯವ್ವ ರಿಕಾರ್ಡ್ ಹಾಕ್ತಾಳ ಅಂತ ಹೇಳ್ರಿ."