ಆಲೆಮನೆಯೊಳಗಿನ ಪಿಕಪ್

ಯಾವ ಗಾಡಿ ಎಂದು ತಿಳಿದೊಡನೆ ನಜೀರ್ ಅಹ್ಮದ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಹಲಗೂರಿನಲ್ಲಿ ಅವನಷ್ಟು ಹಳೆಯ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಯತೀಶ್ ಕೇಳಲು ಬಂದದ್ದು ಕಾರ್ಬರೇಟರಿಗೆ ಒಂದು ಸೂಜಿ ಮತ್ತು ಒಂದು ವಾಷರು, ಅಷ್ಟೆ. ಹೆಂಡತಿಯ ಅಣ್ಣ ಕೆಂಪರಾಜುವಿನ ಹಳೆಯ ಪಿಕಪ್ಪಿನಲ್ಲಿ ಪೆಟ್ರೋಲ್ ಉಕ್ಕಿ ಹರಿಯುತ್ತಿದೆ ಎಂದಿದ್ದ.

“ಬೇರೆ ಏನಾರ ಕೆಲ್ಸ ಇದ್ರೆ ಯೋಳಪ್ಪ, ಮಾಡ್ಕೊಡ್ತೀನಿ. ಆ ಕಾರ್ಬರೇಟರ್ ಬಟ್ಲು ಮಾತ್ರ ನಿನ್ ಕೈಯಾರೆ ಬಿಚ್ಬ್ಯಾಡ. ಮನೆಯೋರೇ ಬಿಚ್ಚು ಅಂದ್ರೂ ಬಿಚ್ಬ್ಯಾಡ.”

“ಬಿಚ್ಚಿದ್ರೆ ಏನ್ ಸಾಬ್ರೇ, ದೆವ್ವ ಬಂದು ಪೆಟ್ರೋಲ್ ಕುಡಿಯುತ್ತಾ?”

ನಜೀರ್ ನಗಲಿಲ್ಲ. ಸಾಮಾನು ಕೊಟ್ಟು, ಮುಖ ತಪ್ಪಿಸಿ ಒಳಗೆ ಹೋದ.

ಯತೀಶ್ ಮೈಸೂರಿನವನು. ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಗ್ಯಾರೇಜುಗಳಲ್ಲಿ ಬೆಳೆದವನು. ಸೌಮ್ಯಳನ್ನು ಮದುವೆಯಾಗಿ, ಮನೆಅಳಿಯನಾಗಿ ಹಲಗೂರಿನ ಹತ್ತಿರದ ಈ ಹಳ್ಳಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಅತ್ತೆ ದೇವೀರಮ್ಮ ಅವನಿಗೆ ಬಡಿಸದೆ ತಾನು ಉಣ್ಣುತ್ತಿರಲಿಲ್ಲ. ಮದುವೆಯಲ್ಲಿ ಕಂಕಣದ ದಾರ ಗಿಡ್ಡವಾಯಿತೆಂದು ಪೂಜಾರಿ ಒಂದೆಳೆ ಕೆಂಪು ನೂಲು ಸೇರಿಸಿ ಅವನ ಕೈಗೆ ಕಟ್ಟಿದ್ದ. ಬಿಚ್ಚುವ ಶಾಸ್ತ್ರದ ದಿನ ಸೌಮ್ಯ ಕಂಕಣದ ಅರಿಶಿನದ ಕೊಂಬನ್ನು ದಾರಸಮೇತ ಸೆರಗಿಗೆ ಗಂಟು ಹಾಕಿಕೊಂಡು, ಹಾಲು ಬರುವ ಮರಕ್ಕೆ ಕಟ್ಟಿ ಬರುತ್ತೇನೆಂದು ಹೋಗಿದ್ದಳು. ದೇವರನ್ನು ನಂಬದ ಯತೀಶ್ ಅಂದು ದೇವರ ಗೂಡಿನ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದ. ಅವನಿಗೂ ಒಂದು ಮನೆಯಾಗಿತ್ತು.

ಆ ಮನೆಯ ಕೊರಗು ಕೆಂಪರಾಜು. ಮದ್ದೂರಿಗೆ, ಮಂಡ್ಯಕ್ಕೆ ಇದೇ ಪಿಕಪ್ಪಿನಲ್ಲಿ ಬೆಲ್ಲ ಸಾಗಿಸುತ್ತಿದ್ದವನು. ಯಾರೋ ಆಗದವರು ಗಾಡಿಗೆ ಮಾಟ ಮಾಡಿಸಿದರೆಂದು ಊರು ಆಡಿಕೊಳ್ಳುತ್ತಿತ್ತು. ಕಾರ್ಬರೇಟರಿನಲ್ಲಿ ಪೆಟ್ರೋಲ್ ಉಕ್ಕಿ ಗಾಡಿ ನಿಂತ ದಿನವೇ ಅವನ ಎದೆಯಲ್ಲಿ ನೀರು ತುಂಬತೊಡಗಿತ್ತು. ಆಸ್ಪತ್ರೆಯಲ್ಲಿ ತೆಗೆಸಿದಷ್ಟೂ ಮತ್ತೆ ತುಂಬುತ್ತಿತ್ತು. ಇನ್ನು ಹೆಚ್ಚು ದಿನವಿಲ್ಲವೆಂದು ಮನೆಗೆ ಕಳಿಸಿದ್ದರು. “ನನ್ ಗಾಡಿ ಸದ್ದು ಒಂದ್ಸಲ ಕೇಳ್ಬೇಕು ಬಾವ” ಎಂದು ಅವನು ಯತೀಶನ ಕೈ ಹಿಡಿದು ಬೇಡಿದ್ದ. ಆ ಕೈಯ ತಣ್ಣಗಿನ ಬೆವರು ಯತೀಶನಿಗೆ ಮರೆಯಲಾಗಿರಲಿಲ್ಲ.

ಗಾಡಿ ನಿಂತಿದ್ದುದು ಪಾಳುಬಿದ್ದ ಆಲೆಮನೆಯೊಳಗೆ. ಸಂಜೆಯಾಗಿತ್ತು. ಕರೆಂಟು ಹೋಗಿತ್ತು. ಹುಳಿತ ಬೆಲ್ಲದ ವಾಸನೆ, ಕೊಳೆತ ಕಬ್ಬಿನ ಸಿಪ್ಪೆಯ ವಾಸನೆ, ಇವೆರಡರ ಮೇಲೆ ಪೆಟ್ರೋಲಿನ ಘಾಟು. ಸೌಮ್ಯ ಮೊಬೈಲಿನ ಟಾರ್ಚು ಹಿಡಿದು ನಿಂತಳು. ಗೋಡೆಯಾಚೆ ಮನೆಯೊಳಗಿಂದ ಕೆಂಪರಾಜುವಿನ ಗೊರಗೊರ ಉಸಿರು ಕೇಳಿಸುತ್ತಿತ್ತು.

ಯತೀಶ್ ಚೋಕ್ ನೋಡಿದ. ಸರಿಯಾಗಿತ್ತು. ನೆನೆದ ಪ್ಲಗ್ಗುಗಳನ್ನು ಒರೆಸಿ ಹಾಕಿದ. ಸೂಜಿ ಅಂಟಿಕೊಂಡಿದ್ದರೆ ಬಿಡಲಿ ಎಂದು ಬಟ್ಟಲನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದ. ಪೆಟ್ರೋಲ್ ತೊಟ್ಟಿಕ್ಕುತ್ತಲೇ ಇತ್ತು. ಬಟ್ಟಲು ತುಂಬಿದಂತೆ ಒಳಗಿನ ಫ್ಲೋಟ್ ತೇಲಿ ಮೇಲೆ ಬಂದು, ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕು. ಏನೋ ಅದನ್ನು ಮೇಲೇಳಗೊಡದೆ ತಡೆದಿತ್ತು.

ಅವನ ಕೈ ನಿಂತಿತು. ನಜೀರನ ಮಾತು ನೆನಪಾಗಿತ್ತು.

“ಬಿಚ್ಚಿ ನೋಡಿ ಒಂದ್ಸಲ” ಎಂದಳು ಸೌಮ್ಯ. “ಅಣ್ಣ ಕಾಯ್ತವ್ನೆ.”

ಅವನು ನಕ್ಕು ಬಿಚ್ಚತೊಡಗಿದ. ವರ್ಷಗಳ ತುಕ್ಕು ಹಿಡಿದಿರಬೇಕಾದ ಸ್ಕ್ರೂಗಳು ನಿನ್ನೆ ಹಾಕಿದಂತೆ ಸಲೀಸಾಗಿ ತಿರುಗಿದವು. ಮುಚ್ಚಳ ಎತ್ತಿದ. ತೊಟ್ಟಿಕ್ಕುವುದು ನಿಂತಿತು. ಗೋಡೆಯಾಚೆಯ ಗೊರಗೊರವೂ ನಿಂತಿತು.

ಪೆಟ್ರೋಲ್ ಕಪ್ಪಗಿತ್ತು. ಅದರೊಳಗೆ ಬೆರಳಿಟ್ಟ. ಮಂಜಿನಂತೆ ತಣ್ಣಗೆ. ಫ್ಲೋಟಿಗೆ ಸುತ್ತಿದ್ದ ಕೂದಲಿನ ಉಂಡೆಯನ್ನು ಎಳೆದು ತೆಗೆದ. ಅದರ ನಡುವೆ ಒಂದು ಅರಿಶಿನದ ಕೊಂಬು. ಹಳದಿ ದಾರ. ಅದಕ್ಕೆ ಸೇರಿಸಿದ ಒಂದೆಳೆ ಕೆಂಪು ನೂಲು.

“ಸೌಮ್ಯ, ಇದು ಇಲ್ಲಿಗೆ ಹೇಗೆ ಬಂತು?”

ಅವಳು ಟಾರ್ಚಿನ ಬೆಳಕನ್ನು ಕಂಕಣದಿಂದ ಆಚೆ ಸರಿಸಿದಳು.

“ನಾನೇ ಇಟ್ಟಿದ್ದು. ಮಾಟ ತಗ್ಯೋರ್ಗೆ ಮನೆ ನಂಟಿರ್ಬೇಕು, ರಕ್ತದ ನಂಟಿರ್ಬಾರ್ದು ಅಂದ್ರು ಪೂಜಾರಪ್ಪ. ಅಂತೋರು ಕೈಯಾರೆ ತಗುದ್ರೆ ಅಣ್ಣ ಉಳೀತಾನೆ ಅಂದ್ರು.”

“ಅದಕ್ಕೆ ನನ್ನ ಮದುವೆ ಆದ್ಯಾ?”

ಅವಳು ನೆಲ ನೋಡಿದಳು. “ನಿಮ್ಮನ್ನ ಕೇಳೋರು ಯಾರೂ ಇರ್ನಿಲ್ವಲ್ಲ.”

ಕಂಕಣವನ್ನು ಎಸೆಯಲು ಕೈ ಕೊಡವಿದ. ಬೀಳಲಿಲ್ಲ. ದಾರ ಮಣಿಕಟ್ಟಿಗೆ ಸುತ್ತಿಕೊಂಡಿತು. ಬಿಗಿಯಿತು. ಯಾರೂ ಕೀಲಿ ತಿರುಗಿಸಲಿಲ್ಲ. ಎಂಜಿನ್ ಹೊತ್ತಿತು. ಒಂದೇ ಸಮನೆ, ಒಂದು ಕೆಮ್ಮೂ ಇಲ್ಲದೆ ಓಡತೊಡಗಿತು. ಯತೀಶನ ಎದೆಯೊಳಗೆ ತಣ್ಣಗೆ ಏನೋ ಇಳಿಯಿತು. ಏರಿತು. ಉಸಿರು ಎಳೆದ. ಬರಲಿಲ್ಲ. ಮತ್ತೆ ಎಳೆದ. ನಾಲಿಗೆಯ ಮೇಲೆ ಪೆಟ್ರೋಲಿನ ರುಚಿ.

ಬಾಗಿಲಲ್ಲಿ ಕೆಂಪರಾಜು ನಿಂತಿದ್ದ. ತನ್ನ ಕಾಲಮೇಲೆ ತಾನೇ ನಡೆದು ಬಂದಿದ್ದ. ಮಗುವಿನಂತೆ ನಗುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ.

“ಗೆದ್ಬುಟ್ಟೆ ಕಣ್ ಬಾವ. ಏನಾಗಿತ್ತು ಅದ್ಕೆ?”

ಹೇಳಲೆಂದು ಯತೀಶ್ ಬಾಯಿ ತೆರೆದ. ತುಟಿಯಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಅಂಗಿಯ ಮೇಲೆ ಬಿತ್ತು.

ಮನೆಯೊಳಗೆ ದೇವೀರಮ್ಮ ದೇವರ ದೀಪ ಹಚ್ಚಿ ಕೈಮುಗಿದಳು. ಆಮೇಲೆ ಮಗನ ಮಂಚದ ಮೇಲಿನ ಒದ್ದೆ ದುಪ್ಪಟಿಯನ್ನು ತೆಗೆದು, ಅಳಿಯನಿಗೆಂದು ಒಗೆದಿಟ್ಟಿದ್ದುದನ್ನು ಸುಕ್ಕಿಲ್ಲದಂತೆ ಹಾಸಿದಳು.